ಡಿಚೋಲಿಯಲ್ಲಿ ನಿತ್ಯ ವ್ಯಾಯಾಮ: ಜೂನ್ ಮಳೆಗೂ ನಿಲ್ಲದ ಅಭ್ಯಾಸ ಹೇಗೆ?

ಡಿಚೋಲಿ: ಮೇ ತಿಂಗಳ ಕೊನೆಯವರೆಗೂ ನಸುಕಿನಲ್ಲಿ ಮಯೆಂ ಕೆರೆಯ ಕಡೆ, ಸಾಂಖಳಿ ರಸ್ತೆಯ ಕಡೆ ನಡೆಯಲು ಹೊರಟವರು ಕಾಣಸಿಗುತ್ತಾರೆ. ಕೈಯಲ್ಲೊಂದು ಕೋಲು (ನಾಯಿಗಳಿಗಾಗಿ), ಕಾಲಲ್ಲಿ ಮಗ ಬಿಟ್ಟ ಹಳೆಯ ಶೂ, ಜತೆಗೊಬ್ಬ ಗೆಳೆಯ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಮರುದಿನದಿಂದ ರಸ್ತೆ ಖಾಲಿ. ಚವತಿ ಹಬ್ಬ ಮುಗಿದು, ಮಳೆ ಪೂರ್ತಿ ಹಿಂದೆ ಸರಿಯುವಾಗ ಅಕ್ಟೋಬರ್ ಬಂದಿರುತ್ತದೆ. ಅಷ್ಟರಲ್ಲಿ ಶೂ ಬೂಸು ಹಿಡಿದಿರುತ್ತದೆ, ಹೊಟ್ಟೆ ಒಂದಿಂಚು ಮುಂದೆ ಬಂದಿರುತ್ತದೆ, 'ಮುಂದಿನ ತಿಂಗಳಿಂದ ಶುರು ಮಾಡೋಣ' ಎಂಬ ಮಾತು ಹೊರಡುತ್ತದೆ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಅದರ ಬಹುಪಾಲು ಸುರಿಯುವುದು ಈ ನಾಲ್ಕು ತಿಂಗಳಲ್ಲೇ. ಘಟ್ಟದ ಬುಡದಲ್ಲಿರುವ ನಮ್ಮ ಭಾಗಕ್ಕೆ ಅದರ ಹೊಡೆತ ಹೆಚ್ಚು. ವರ್ಷದ ಮೂರರಲ್ಲಿ ಒಂದು ಭಾಗ ನಿಂತುಹೋಗುವ ವ್ಯಾಯಾಮವನ್ನು ಅಭ್ಯಾಸ ಎನ್ನುವುದು ಕಷ್ಟ. ಆದ್ದರಿಂದ ಈ ಲೇಖನದಲ್ಲಿ 'ವ್ಯಾಯಾಮ ಮಾಡಿ, ಒಳ್ಳೆಯದು' ಎಂಬ ಉಪದೇಶ ಇಲ್ಲ. ಅದು ಒಳ್ಳೆಯದು ಎಂದು ಎಲ್ಲರಿಗೂ ಗೊತ್ತು. ಶುರು ಮಾಡಿದ್ದು ನಿಲ್ಲುವುದೇಕೆ, ನಿಲ್ಲದಂತೆ ಮಾಡುವುದು ಹೇಗೆ, ಅದರಲ್ಲೂ ಡಿಚೋಲಿಯಂಥ ಊರಿನಲ್ಲಿ ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. (ಅಂದ ಹಾಗೆ ನಾವು ಡಿಚೋಲಿ ಎನ್ನುವ ಊರನ್ನು ಕೊಂಕಣಿಯವರು ದಿವಚಲ ಎನ್ನುತ್ತಾರೆ, ಇಂಗ್ಲಿಷ್ ಫಲಕಗಳಲ್ಲಿ ಬಿಚೋಲಿಂ ಎಂದಿರುತ್ತದೆ. ಮೂರೂ ಒಂದೇ.)

ಇದನ್ನು ಈಗ ಬರೆಯಲು ಕಾರಣವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರ ಜೂನ್‌ನಲ್ಲಿ ಪ್ರಕಟವಾಯಿತು. ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹ ಇದೆ ಎಂದು ಅದು ಲೆಕ್ಕ ಹಾಕಿತು. ರಾಜ್ಯಗಳ ಪೈಕಿ ಮೊದಲ ಸ್ಥಾನ ಯಾರಿಗೆ ಗೊತ್ತೆ? ಗೋವಾಕ್ಕೆ, ಶೇ. 26.4. ಅಂದರೆ ವಯಸ್ಸಿಗೆ ಬಂದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ನಿಮ್ಮ ವಾಡೆಯ ಹತ್ತು ಮನೆಗಳನ್ನು ಮನಸ್ಸಿನಲ್ಲೇ ಎಣಿಸಿ ನೋಡಿ, ಲೆಕ್ಕ ಸರಿ ಅನ್ನಿಸುತ್ತದೆ.

ನಾವು ದುಡಿಯುವ ಮಂದಿ, ನಮಗ್ಯಾಕೆ?

ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ, ಲೋಡಿಂಗ್ ಕೆಲಸ ಮಾಡುವವರನ್ನು ವ್ಯಾಯಾಮದ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: "ಮುಂಜಾನಿಂದ ಸಂಜಿತನಕ ಚಿರೆಕಲ್ಲು ಹೊರ್ತೀನ್ರಿ, ಮತ್ತ ಮ್ಯಾಲೆ ಅಡ್ಡಾಡೂದು ಯಾಕ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ನಾವು ಅಂದುಕೊಂಡಷ್ಟು ಸರಳವಲ್ಲ.

ಮೊದಲು ಲಂಡನ್ನಿನ ಕಥೆ ಕೇಳಿ. ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ವರದಿ ಪ್ರಕಟಿಸಿದರು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೂ ಒಂದೇ ಬಸ್ಸು, ಒಂದೇ ಪಾಳಿ, ಹೆಚ್ಚುಕಡಿಮೆ ಒಂದೇ ತರಹದ ಮನೆ. ವ್ಯತ್ಯಾಸ ಇಷ್ಟೇ: ಡ್ರೈವರ್ ಕೂತೇ ಇರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಕಂಡಕ್ಟರುಗಳಲ್ಲಿ ಬಹಳ ಕಡಿಮೆ ಕಂಡುಬಂತು, ಬಂದರೂ ಅಷ್ಟು ತೀವ್ರವಾಗಿರಲಿಲ್ಲ. ದೈಹಿಕ ಚಟುವಟಿಕೆಗೂ ಹೃದಯಕ್ಕೂ ಸಂಬಂಧ ಇದೆ ಎಂದು ಅಂಕಿ ಅಂಶದಿಂದ ತೋರಿಸಿದ ಮೊದಲ ದೊಡ್ಡ ಅಧ್ಯಯನ ಇದು. ಟೀಕೆಯೂ ಬಂತು. ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೆ? ಮಾರಿಸ್ ಸುಮ್ಮನಿರಲಿಲ್ಲ, ಸಿಬ್ಬಂದಿಗೆ ಕೊಟ್ಟ ಸಮವಸ್ತ್ರದ ಸೊಂಟದ ಅಳತೆಗಳನ್ನೇ ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದೊಡ್ಡದಿತ್ತು ಎಂದು ಅವರೇ 1956ರಲ್ಲಿ ಒಪ್ಪಿಕೊಂಡರು. ಆದರೂ ಚಟುವಟಿಕೆಯ ಲಾಭ ಮುಂದಿನ ಎಷ್ಟೋ ಅಧ್ಯಯನಗಳಲ್ಲಿ ಗಟ್ಟಿಯಾಗುತ್ತಲೇ ಹೋಯಿತು. ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಈ ಡ್ರೈವರ್ ಕಥೆ ಡಿಚೋಲಿಗೆ ಹೊಸದಲ್ಲ. ಅದಿರಿನ ಭರಾಟೆಯ ದಿನಗಳಲ್ಲಿ ಟಿಪ್ಪರ್ ಇಟ್ಟವರು, ಓಡಿಸಿದವರು ಇಲ್ಲಿ ಎಷ್ಟು ಮಂದಿ! ಗಣಿಯಲ್ಲಿ ಸರದಿ, ಜೆಟ್ಟಿಯಲ್ಲಿ ಸರದಿ, ನಡುವೆ ಕ್ಯಾಬಿನ್‌ನಲ್ಲಿ ಕೂತು ಚಹಾ, ವಡಾಪಾವ್. 2012ರ ಸೆಪ್ಟೆಂಬರ್‌ನಲ್ಲಿ ಗಣಿಗಾರಿಕೆ ನಿಂತಿತು. ಮಧ್ಯೆ ಕೆಲಕಾಲ ನಡೆದು, ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿದ್ದರಿಂದ 2018ರ ಮಾರ್ಚ್‌ನಲ್ಲಿ ಮತ್ತೆ ನಿಂತಿತು. ಹರಾಜಿನ ಬಳಿಕ ಡಿಚೋಲಿಯ ಗಣಿಯಲ್ಲಿ 2024ರಲ್ಲಿ ಕೆಲಸ ಪುನಃ ಆರಂಭವಾಯಿತು. ಈ ಏರಿಳಿತದಲ್ಲಿ ಸಂಪಾದನೆ ಹೋಯಿತು, ಬಂತು. ಆದರೆ ಸ್ಟೀರಿಂಗ್ ಹಿಂದೆ ಕೂತು ಕಳೆದ ಆ ವರ್ಷಗಳಲ್ಲಿ ಬಂದ ಹೊಟ್ಟೆ, ಸೊಂಟ ನೋವು ಅನೇಕರನ್ನು ಬಿಟ್ಟು ಹೋಗಿಲ್ಲ.

ಇನ್ನು ಕಲ್ಲು ಹೊರುವವರ ಪ್ರಶ್ನೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರ ಸಂಗತಿ ಹೇಳಿತು. ಬಿಡುವಿನ ವೇಳೆಯಲ್ಲಿ ನಡೆಯುವ, ಓಡುವ, ಆಡುವವರಲ್ಲಿ ಹೃದ್ರೋಗ ಕಡಿಮೆ. ಕೆಲಸದಲ್ಲಿ ಭಾರ ಎತ್ತಿ ದಣಿಯುವವರಲ್ಲಿ ಮಾತ್ರ ಹೆಚ್ಚು! ಕಾರಣದ ಬಗ್ಗೆ ತಜ್ಞರಲ್ಲಿ ಇನ್ನೂ ಚರ್ಚೆ ನಡೆದಿದೆ. ಒಂದು ವಿವರಣೆ ಹೀಗಿದೆ: ಕೂಲಿಯ ಕೆಲಸದಲ್ಲಿ ದೇಹದ ಒಂದೇ ಭಾಗ ಗಂಟೆಗಟ್ಟಲೆ ದುಡಿಯುತ್ತದೆ, ಉಸಿರು ಬಿಗಿಹಿಡಿದು ಭಾರ ಎತ್ತಬೇಕಾಗುತ್ತದೆ, ರಕ್ತದೊತ್ತಡ ದಿನವಿಡೀ ಏರಿಯೇ ಇರುತ್ತದೆ, ವಿಶ್ರಾಂತಿ ಸಾಲುವುದಿಲ್ಲ. ಬೇಕಾದಾಗ ನಿಲ್ಲಿಸುವ ಸ್ವಾತಂತ್ರ್ಯ ಮೇಸ್ತ್ರಿಯ ಕೈಯಲ್ಲಿ, ನಿಮ್ಮ ಕೈಯಲ್ಲಿ ಅಲ್ಲ. ಬಡತನ, ಬೀಡಿ, ಸಂಜೆಯ ಕ್ವಾರ್ಟರ್ ಇವುಗಳ ಪಾಲನ್ನು ಲೆಕ್ಕದಿಂದ ಪೂರ್ತಿ ಬೇರ್ಪಡಿಸುವುದೂ ಸುಲಭವಲ್ಲ.

ಹಾಗಾದರೆ ಕಲ್ಲು ಹೊತ್ತವನು ಸಂಜೆ ಓಡಬೇಕೆ? ಬೇಡ. ಅವನಿಗೆ ಬೇಕಾದದ್ದು ಬೇರೆ: ಬೆನ್ನು, ಸೊಂಟ, ತೊಡೆಯ ಹಿಂಭಾಗ ಎಳೆದು ಸಡಿಲಿಸುವ ಹತ್ತು ನಿಮಿಷ, ರಜೆಯ ದಿನ ಹಗುರವಾದ ನಡಿಗೆ, ಸಾಕಷ್ಟು ನೀರು, ಏಳು ಗಂಟೆ ನಿದ್ದೆ. ವರ್ಷಕ್ಕೊಮ್ಮೆ ಬಿ.ಪಿ. ತೋರಿಸುವುದು ಇದೆಲ್ಲಕ್ಕಿಂತ ಮೊದಲು. 'ಗಟ್ಟಿ ಆಳು' ಎಂದುಕೊಂಡವನ ಬಿ.ಪಿ. ಎಷ್ಟಿದೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ, ಯಾಕೆಂದರೆ ಅದಕ್ಕೆ ನೋವಿಲ್ಲ.

ಮನೆಯಲ್ಲಿ ದುಡಿಯುವ ಹೆಂಗಸರ ವಿಷಯದಲ್ಲೂ ಇದೇ ಗೊಂದಲ. ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಇದ್ದ ಕಾಲದ ಮನೆಗೆಲಸ ನಿಜಕ್ಕೂ ವ್ಯಾಯಾಮವೇ ಆಗಿತ್ತು. ಮಿಕ್ಸರ್, ಗಿರಣಿ, ನಲ್ಲಿ ಬಂದ ಮೇಲೆ ಕೆಲಸದ ಗಂಟೆಗಳು ಹಾಗೇ ಉಳಿದವು, ಕಸುವು ಬೇಡುವ ಭಾಗ ಮಾತ್ರ ಹೋಯಿತು. (ಆ ಕಾಲ ಮರಳಿ ಬರಲಿ ಎಂದು ಯಾರೂ ಹೇಳುತ್ತಿಲ್ಲ. ಬೀಸಿದವರನ್ನು ಕೇಳಿದರೆ ಗೊತ್ತಾಗುತ್ತದೆ!) 2024ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ. 42 ಇದ್ದರೆ ಮಹಿಳೆಯರಲ್ಲಿ ಶೇ. 57. ಸೋಮಾರಿತನ ಇದಕ್ಕೆ ಕಾರಣವಲ್ಲ. ಬೆಳಗಿನ ಆರು ಗಂಟೆಗೆ ಗಂಡಸು ಶೂ ಹಾಕಿ ಹೊರಡಬಲ್ಲ, ಅವನ ಚಹಾ, ಮಕ್ಕಳ ಡಬ್ಬಿ ಕಟ್ಟುವವಳು ಹೊರಡುವುದು ಹೇಗೆ?

ಎಷ್ಟು ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಸಲಹೆ ಹೀಗಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾದ ನಡಿಗೆ. ಓಟದಂಥ ಕಠಿಣ ಶ್ರಮವಾದರೆ 75ರಿಂದ 150 ನಿಮಿಷ ಸಾಕು. ಇದರ ಜತೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ಬೀಳದಂತೆ ತೋಲ ಕಾಯುವ ಅಭ್ಯಾಸ ವಾರಕ್ಕೆ ಮೂರು ದಿನ. ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಆಟ. ಮಧ್ಯಮ ಶ್ರಮ ಎಂದರೇನು ಎಂದು ತಿಳಿಯಲು ಯಂತ್ರ ಬೇಡ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು.

ಹಿಂದಿನ ಸಲಹೆಯಲ್ಲಿ ಒಂದು ಶರತ್ತು ಇತ್ತು, ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ಮಾಡಿದರೆ ಮಾತ್ರ ಲೆಕ್ಕಕ್ಕೆ ಎಂದು. 2020ರಲ್ಲಿ ಅದನ್ನು ಕೈಬಿಟ್ಟರು. ಹೀಗಾಗಿ ಮೂರು ನಿಮಿಷ ಏರು ಹತ್ತಿದ್ದೂ ಲೆಕ್ಕವೇ. ಗುಡ್ಡದ ಮೇಲಿನ ಮನೆಯವರಿಗೆ ಇದು ಸಿಹಿ ಸುದ್ದಿ.

ಹತ್ತು ಸಾವಿರ ಹೆಜ್ಜೆಯ ಗುರಿ ಮೊಬೈಲಿನಲ್ಲಿ ನೋಡಿ ಗಾಬರಿಯಾಗುವವರಿದ್ದಾರೆ. ಆ ಸಂಖ್ಯೆ ವೈದ್ಯರು ಕೊಟ್ಟದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಉಪಕರಣಕ್ಕೆ 'ಹತ್ತು ಸಾವಿರ ಹೆಜ್ಜೆ ಮೀಟರ್' ಎಂಬರ್ಥದ ಹೆಸರಿಟ್ಟು ಮಾರಿತು, ಅಲ್ಲಿಂದ ಬಂದದ್ದು. ಅಮೆರಿಕದಲ್ಲಿ ವಯಸ್ಸಾದ ಮಹಿಳೆಯರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಿಗೇ ಸ್ಪಷ್ಟ ಲಾಭ ಕಂಡುಬಂತು. 7,500ರ ನಂತರ ಲಾಭ ಹೆಚ್ಚಾಗಲಿಲ್ಲ.

21 ದಿನದ ಮಾತು ನಂಬಬೇಡಿ

'ಯಾವುದನ್ನೇ 21 ದಿನ ಬಿಡದೆ ಮಾಡಿ, ಅಭ್ಯಾಸವಾಗುತ್ತದೆ' ಎಂಬ ಮಾತನ್ನು ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಅದರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತ 'ಕನಿಷ್ಠ' ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆ. ಒಂದು ಕೆಲಸ ಯೋಚಿಸದೆಯೇ ತಾನಾಗಿ ನಡೆಯುವಷ್ಟು ರೂಢಿಯಾಗಲು ಹಿಡಿದ ಕಾಲದ ಮಧ್ಯಮ ಅಂದಾಜು 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕು ಎಂಬ ಲೆಕ್ಕ ಬಂತು. ಊಟದ ಜತೆ ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮ ನಿಧಾನ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ ಅನ್ನಿಸಿತು: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. 'ಒಂದು ದಿನ ತಪ್ಪಿತು, ಇನ್ನು ಮುಗಿಯಿತು' ಎಂದು ಬಿಟ್ಟುಬಿಡುವವರಿಗೆ ಇದು ಗೊತ್ತಿರಬೇಕು.

ಈಗ ನಮ್ಮ ಲೆಕ್ಕ ಹಾಕಿ. ಹೊಸ ವರ್ಷದ ಸಂಕಲ್ಪ ಮಾಡಿ ಜನವರಿ 1ರಂದು ಶುರು ಮಾಡಿದವನು ಶಿವರಾತ್ರಿ, ಶಿಗ್ಮೊ ಎಲ್ಲ ದಾಟಿ ಏಪ್ರಿಲ್ ಹೊತ್ತಿಗೆ ರೂಢಿ ಮಾಡಿಕೊಳ್ಳುತ್ತಾನೆ. ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾನೆ, ಮದುವೆ, ಜಾತ್ರೆ. ಮರಳಿ ಬಂದರೆ ಮಳೆ. ಶುರುವಾಗುವ ಮೊದಲೇ ಮುರಿದುಬೀಳುವ ಲೆಕ್ಕ ಇದು.

ನಮ್ಮ ಜನಕ್ಕೆ ಶಕ್ತಿ ಇಲ್ಲ, ಛಲ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಯುಗಾದಿಯ ಮುನ್ನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್ ನಡೆಯುತ್ತಾರೆ. ಕಾಲಲ್ಲಿ ಬೊಬ್ಬೆ, ತಲೆ ಮೇಲೆ ಬಿಸಿಲು, ಆದರೂ ನಿಲ್ಲುವುದಿಲ್ಲ. ಅದೇ ಮಲ್ಲಯ್ಯನ ಭಕ್ತ ಮರಳಿ ಬಂದ ಮೇಲೆ ಅರ್ಧ ಕಿಲೋಮೀಟರ್ ದೂರದ ಕಿರಾಣಿ ಅಂಗಡಿಗೆ ಬೈಕ್ ತೆಗೆಯುತ್ತಾನೆ! ಪಾದಯಾತ್ರೆಯಲ್ಲಿ ಅವನನ್ನು ನಡೆಸಿದ್ದೇನು ಎಂದು ನೋಡಿ. ಹೊರಡುವ ದಿನ ಗೊತ್ತು, ದಾರಿ ಗೊತ್ತು, ಜತೆಗೆ ಮಂದಿ ಇದ್ದಾರೆ, ದಾಸೋಹದಲ್ಲಿ ಯಾರೋ ಕಾಯುತ್ತಿದ್ದಾರೆ. ಇಂದು ನಡೆಯಲೋ ಬೇಡವೋ ಎಂದು ಪ್ರತಿದಿನ ತೀರ್ಮಾನಿಸುವ ಪ್ರಶ್ನೆಯೇ ಅಲ್ಲಿಲ್ಲ. ಮನೆಯಲ್ಲಿ ಆ ನಾಲ್ಕೂ ಇಲ್ಲ, ಬರೀ ಮನಸ್ಸಿನ ಬಲದ ಮೇಲೆ ಎದ್ದು ಹೋಗಬೇಕು. ಮನಸ್ಸಿನ ಬಲ ಬೆಳಗಿನ ಐದೂವರೆಗೆ ಬಹಳ ಕಡಿಮೆ ಇರುತ್ತದೆ.

ಆದ್ದರಿಂದ ದಿನದಲ್ಲಿ ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ವ್ಯಾಯಾಮವನ್ನು ಗಂಟು ಹಾಕುವುದು ಒಳ್ಳೆಯ ಉಪಾಯ. ಗೋವಾದಲ್ಲಿ ಬೆಳಿಗ್ಗೆ ಪೋದರ್ ಸೈಕಲ್ಲಿನ ಹಾರ್ನ್ ಒತ್ತುತ್ತ ಪಾವ್ ತರುತ್ತಾನೆ. ಅಲಾರಂ ಬಂದ್ ಮಾಡಬಹುದು, ಪೋದರನ ಹಾರ್ನ್ ಬಂದ್ ಮಾಡಲಾಗುವುದಿಲ್ಲ. ಪಾವ್ ತೆಗೆದುಕೊಂಡು ಒಳಗಿಟ್ಟು ಹಾಗೇ ಹೊರಬಿದ್ದರೆ ಹದಿನೈದು ನಿಮಿಷ ಆಯಿತು. ಕೆಲಸಕ್ಕೆ ಕದಂಬ ಬಸ್ಸಿನಲ್ಲಿ ಹೋಗುವವರು ಸಂಜೆ ಒಂದು ಸ್ಟಾಪ್ ಮೊದಲೇ ಇಳಿಯಬಹುದು. ಮಗುವನ್ನು ಶಾಲೆಗೆ ಬಿಡಲು ನಡೆದೇ ಹೋಗುವ ತಾಯಿಗೆ ವಾಪಸು ಬರುವ ದಾರಿಯೇ ವ್ಯಾಯಾಮ. ಪಕ್ಕದ ಮನೆಯ ವೈನಿ ಬಾಗಿಲಲ್ಲಿ ನಿಂತು "ಬರ್ತೀರೇನ್ರೀ ಅಕ್ಕಾರ?" ಎಂದು ಕೂಗುವಂತಿದ್ದರೆ ಇನ್ನೂ ಒಳ್ಳೆಯದು, ಆ ಕರೆಗೆ ಇಲ್ಲ ಎನ್ನುವುದು ಕಷ್ಟ.

ಶುರುವಿನಲ್ಲಿ ಕಡಿಮೆ ಮಾಡಿ, ನಾಚಿಕೆಯಾಗುವಷ್ಟು ಕಡಿಮೆ. ಮೊದಲ ದಿನವೇ ಐದು ಕಿಲೋಮೀಟರ್ ಓಡಿ ಮೂರನೆಯ ದಿನ ಮೊಣಕಾಲು ಹಿಡಿದು ಕೂರುವವರೇ ಹೆಚ್ಚು. ಇನ್ನು ತೂಕ. ಅರ್ಧ ಗಂಟೆ ನಡೆದರೆ ಖರ್ಚಾಗುವ ಶಕ್ತಿ ಒಂದು ಬಟಾಟೆವಡೆಗೆ ಸರಿಹೋಗುತ್ತದೆ, ಅಷ್ಟೇ. ತೂಕ ಇಳಿಯಲಿಲ್ಲ ಎಂದು ನಡೆಯುವುದನ್ನೇ ಬಿಡುವವರು ಇದ್ದಾರೆ. ತೂಕ ಇಳಿಯದಿದ್ದರೂ ಬಿ.ಪಿ., ಶುಗರ್, ನಿದ್ದೆ ಇವಕ್ಕೆ ಲಾಭ ಇದ್ದೇ ಇದೆ.

ಮಳೆಗಾಲಕ್ಕೆ ಬೇರೆ ಏರ್ಪಾಡು

ಈಗ ಮುಖ್ಯ ವಿಷಯಕ್ಕೆ ಬರೋಣ. ಮಳೆಯಲ್ಲಿ ನಡೆಯಿರಿ ಎಂದು ಛತ್ರಿ ಕೊಟ್ಟು ಕಳಿಸುವುದು ಸರಿಯಲ್ಲ. ಚಿರೆಕಲ್ಲಿನ ಮೆಟ್ಟಿಲು, ಪಾಗಾರದ ಬದಿ ಪಾಚಿಗಟ್ಟಿ ಜಾರುತ್ತವೆ. ಅರವತ್ತು ದಾಟಿದವರಿಗೆ ಸೊಂಟದ ಮೂಳೆ ಮುರಿದರೆ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ನಿಂತ ನೀರಿನಲ್ಲಿ ಗಾಯದ ಕಾಲಿಟ್ಟರೆ ಇಲಿ ಜ್ವರದ ಭಯ. ಲಾರಿ ಓಡುವ ರಸ್ತೆಯಲ್ಲಿ ಮಳೆಯಲ್ಲಿ ಡ್ರೈವರಿಗೆ ನೀವು ಕಾಣುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲೇ, ಮಳೆಗೆ ಕಟ್ಟಿಗೆ ಕೂಡಿಡುವಂತೆ, ಒಳಗೆ ಮಾಡುವ ವ್ಯಾಯಾಮವನ್ನು ಕಲಿತಿಟ್ಟುಕೊಳ್ಳಬೇಕು. ಸಮಯ ಮಾತ್ರ ಬದಲಾಗಬಾರದು. ಆರು ಗಂಟೆಗೆ ನಡೆಯುತ್ತಿದ್ದವರು ಆರಕ್ಕೇ ಪಡಸಾಲೆಯಲ್ಲಿ ನಿಲ್ಲಬೇಕು.

ಯಂತ್ರ ಕೊಂಡರೆ ಆಗುತ್ತದಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡು ಒಂದು ವ್ಯಾಯಾಮದ ಸೈಕಲ್ ತಂದೆ. ಜುಲೈನಲ್ಲಿ ಅದು ಬಹಳ ಉಪಯೋಗಕ್ಕೆ ಬಂತು, ಎರಡು ಪ್ಯಾಂಟು, ಒಂದು ಟವೆಲ್ಲು ಅದರ ಮೇಲೆ ಚೆನ್ನಾಗಿ ಒಣಗುತ್ತಿದ್ದವು.

ನಮ್ಮಲ್ಲಿ ಯಂತ್ರವಿಲ್ಲದ ವ್ಯಾಯಾಮಕ್ಕೆ ಕೊರತೆ ಇಲ್ಲ. ಉತ್ತರ ಕರ್ನಾಟಕದ ಗರಡಿ ಮನೆ, ಬೆಳಗಾವಿ ಗಡಿಯಲ್ಲಿ ತಾಲೀಮು ಎನ್ನುವ ಜಾಗ, ಅಲ್ಲಿನ ಮೂಲ ಪಾಠ ಎರಡೇ: ದಂಡ ಮತ್ತು ಬಸ್ಕಿ. ಇವೆರಡಕ್ಕೆ ಬೇಕಾದ ಜಾಗ ಒಂದು ಚಾಪೆಯಷ್ಟು. ಹತ್ತು ಅಡಿಯ ಬಾಡಿಗೆ ಖೋಲಿಯಲ್ಲಿ ನಾಲ್ವರು ಇರುವವರೂ ಸರದಿಯಲ್ಲಿ ಮಾಡಬಹುದು. ಬಸ್ಕಿ ಎಂದರೆ ಶಾಲೆಯಲ್ಲಿ ಮಾಸ್ತರರು ಕಿವಿ ಹಿಡಿಸಿ ಹೊಡೆಸಿದ್ದು ನೆನಪಾಗಿ ನಗು ಬರಬಹುದು. ಆದರೆ ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಊಟದ ಸಕ್ಕರೆಯನ್ನು ರಕ್ತದಿಂದ ಹೆಚ್ಚು ಹೀರಿಕೊಳ್ಳುವುದೂ ಸ್ನಾಯುಗಳೇ. ಮೂವತ್ತು ನಲವತ್ತರ ನಂತರ ಬಳಸದಿದ್ದರೆ ಅವು ನಿಧಾನವಾಗಿ ಕರಗುತ್ತ ಹೋಗುತ್ತವೆ. ಮೊಣಕಾಲು ನೋವಿದ್ದವರು ಪೂರ್ತಿ ಕೂರುವುದು ಬೇಡ. ಗೋಡೆಗೆ ಒತ್ತಿಟ್ಟ, ಅಲುಗಾಡದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಸ್ವಲ್ಪ ನಿಂತು ಮತ್ತೆ ಹತ್ತು ಸಲ. ನೆಲದ ಮೇಲೆ ದಂಡ ಹೊಡೆಯಲಾಗದವರು ಗೋಡೆಗೆ ಕೈಕೊಟ್ಟು ಬಾಗಿ ಮಾಡಿದರೂ ತೋಳು, ಎದೆಗೆ ಕೆಲಸ ಸಿಗುತ್ತದೆ. ಕೈಗೆ ಭಾರ ಬೇಕೆಂದರೆ ಒಂದು ಲೀಟರಿನ ನೀರಿನ ಬಾಟಲಿ ಎರಡು ಸಾಕು.

ಸೂರ್ಯನಮಸ್ಕಾರ ಇನ್ನೊಂದು. ಇದನ್ನು ಬರೀ ಪೂಜೆಯ ಭಾಗ ಎಂದುಕೊಂಡವರಿಗೆ ಒಂದು ಸಂಗತಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರು 1937ರಲ್ಲೇ ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಭಾರ ಎತ್ತಿ ಮೈ ಕಟ್ಟಿದ ಇವರು ಅಂಚೆಯ ಮೂಲಕ ದೂರದ ಊರಿನವರಿಗೂ ವ್ಯಾಯಾಮದ ಪಾಠ ಕಳಿಸುತ್ತಿದ್ದರು. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಇವರೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕ್ಷಯದಿಂದ ನರಳಿದವರು. ಮುಂದೆ ಪುಣೆಯಲ್ಲಿ ನೆಲೆಸಿ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ದಿಂಬುಗಳ ಆಸರೆಯಲ್ಲಿ ಮುದುಕರೂ ರೋಗಿಗಳೂ ಆಸನ ಮಾಡುವ ದಾರಿ ತೋರಿಸಿದರು. 2014ರಲ್ಲಿ ನಿಧನರಾದಾಗ ಅವರಿಗೆ 95 ವರ್ಷ. 'ನನ್ನ ಮೈ ಬಾಗುವುದಿಲ್ಲ' ಎನ್ನುವವರಿಗಾಗಿಯೇ ಮಾಡಿದ ಏರ್ಪಾಡು ಅದು. 2015ರಿಂದ ಆಚರಿಸುತ್ತಿರುವ ಯೋಗ ದಿನ ಜೂನ್ 21ಕ್ಕೆ ಬರುತ್ತದೆ, ಗೋವಾದಲ್ಲಿ ಆಗ ಮಳೆಯೋ ಮಳೆ. ಮಳೆಗಾಲದ ವ್ಯಾಯಾಮ ಶುರು ಮಾಡಲು ನೆಪ ಬೇಕಿದ್ದರೆ ಅದೇ ಸಾಕು. 22ರಂದು ಏನು ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ನಡೆಯದೆ ಇರಲಾಗದು ಎನ್ನುವವರಿಗೆ ಊಟದ ನಂತರದ ನಡಿಗೆ ಇದೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 41 ಮಂದಿ ಮಧುಮೇಹಿಗಳ ಮೇಲೆ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರೂ ಊಟದ ಬಳಿಕ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇ. 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಶೇ. 22. ನಮ್ಮದೂ ರಾತ್ರಿಯ ಊಟವೇ ದೊಡ್ಡದು, ಅನ್ನ ಜಾಸ್ತಿ, ಉಂಡ ಕೂಡಲೇ ಟಿ.ವಿ. ಮುಂದೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ಹತ್ತು ನಿಮಿಷ ಓಡಾಡಿದರೆ ಮಳೆಯ ಹಂಗಿಲ್ಲ. ಫೋನಿನಲ್ಲಿ ಊರಿನ ಅವ್ವ ಅಪ್ಪನ ಜತೆ ಮಾತಾಡುವ ಹೊತ್ತನ್ನು ಇದಕ್ಕೇ ಇಟ್ಟುಕೊಂಡವರನ್ನು ಬಲ್ಲೆ. ಅವರಿಗೆ ನಡಿಗೆ ತಪ್ಪುವುದು ಎಂದರೆ ಅವ್ವನ ಫೋನ್ ತಪ್ಪುವುದು.

ಪಾಳಿಯವರು, ಘಟ್ಟ ಹತ್ತುವವರು

ಡಿಚೋಲಿಯ ಔದ್ಯೋಗಿಕ ವಸಾಹತಿನಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಬೆಳಗಿನ ಆರು ಗಂಟೆ ಎಂಬುದೇ ವಾರಕ್ಕೊಂದು ತರಹ. ಅವರು ಗಡಿಯಾರಕ್ಕೆ ಗಂಟು ಹಾಕದೆ ಪಾಳಿಗೆ ಗಂಟು ಹಾಕಬೇಕು. ಎದ್ದು ಮುಖ ತೊಳೆದ ಕೂಡಲೇ, ಅದು ಬೆಳಗಾಗಲಿ ಸಂಜೆಯಾಗಲಿ, ಹತ್ತು ನಿಮಿಷ. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಬಿಟ್ಟು ಓಡಲು ಹೋಗಬೇಡಿ. ಲಾರಿ, ಬಸ್ ಓಡಿಸುವವರಿಗೆ ಸರದಿಯ ಹೊತ್ತೇ ಬಿಡುವು. ಗಾಡಿಯ ಸುತ್ತ ಐದು ಸುತ್ತು, ಬಾಗಿಲು ಹಿಡಿದು ಹತ್ತು ಬಸ್ಕಿ. ನಗುವವರು ಮೊದಲ ವಾರ ನಗುತ್ತಾರೆ.

ಚೋರ್ಲಾ ಘಾಟ್ ಹತ್ತಿ ಕಣಕುಂಬಿ, ಜಾಂಬೋಟಿ, ಖಾನಾಪುರ ಕಡೆಗೆ, ಇನ್ನೂ ಮುಂದೆ ಊರಿಗೆ ಹೋಗಿ ಬರುವವರಿಗೆ ಅಭ್ಯಾಸ ತಪ್ಪುವುದು ಅಲ್ಲಿಯೇ. ಊರಲ್ಲಿ ಪೋದರ್ ಇಲ್ಲ, ವೈನಿ ಇಲ್ಲ, ಉಣ್ಣಿಸುವವರು ಬಹಳ. ಅಲ್ಲಿಗೊಂದು ಬೇರೆ ಗಂಟು ಹುಡುಕಿಕೊಳ್ಳಿ: ಬೆಳಿಗ್ಗೆ ಹೊಲದ ತನಕ ನಡಿಗೆ, ಅಷ್ಟು ಸಾಕು. ಪೂರ್ತಿ ಬಿಡುವುದಕ್ಕಿಂತ ಐದು ನಿಮಿಷ ಮಾಡುವುದು ಮೇಲು, ಯಾಕೆಂದರೆ ಮರಳಿ ಬಂದಾಗ ಮೊದಲಿನಿಂದ ಶುರು ಮಾಡುವ ಗೋಜು ಇರುವುದಿಲ್ಲ.

ಇವಿಷ್ಟು ಎಚ್ಚರಿಕೆ

ರಸ್ತೆಯಲ್ಲಿ ನಡೆಯುವಾಗ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ, ನಸುಕಿನಲ್ಲಿ ತಿಳಿ ಬಣ್ಣದ ಬಟ್ಟೆ, ಕೈಯಲ್ಲಿ ಟಾರ್ಚ್ ಇರಲಿ. ಅದಿರಿನ ಲಾರಿ ಓಡುವ ದಾರಿಯಾದರೆ ಧೂಳು ಏಳುವ ಮೊದಲೇ ಮುಗಿಸಿ, ಆಸ್ತಮಾ ಇದ್ದವರು ಆ ದಾರಿಗೇ ಹೋಗಬೇಡಿ.

ಹೃದಯದ ತೊಂದರೆ ಇದ್ದವರು, ಬಹಳ ವರ್ಷಗಳಿಂದ ಮಧುಮೇಹ ಇದ್ದವರು, ಗರ್ಭಿಣಿಯರು ಹೊಸದಾಗಿ ಶುರು ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ನಲವತ್ತು ದಾಟಿ ಒಮ್ಮೆಯೂ ಬಿ.ಪಿ., ಶುಗರ್ ನೋಡಿಸದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮೊದಲು ನೋಡಿಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಖಾಲಿ ಹೊಟ್ಟೆಯಲ್ಲಿ ನಡೆದರೆ ಸಕ್ಕರೆ ತೀರ ಕೆಳಗಿಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಜೇಬಿನಲ್ಲಿ ಎರಡು ತುಂಡು ಬೆಲ್ಲವೋ ಗ್ಲೂಕೋಸ್ ಪುಡಿಯೋ ಇರಲಿ. ಮಧುಮೇಹಿಗಳು ಬರಿಗಾಲಲ್ಲಿ ನಡೆಯಬಾರದು. ಪಾದದಲ್ಲಿ ಗಾಯವಾದರೂ ಗೊತ್ತಾಗದೆ ಇರಬಹುದು, ಅದಕ್ಕೆ ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಬೇಕು. ಮಳೆಗಾಲದಲ್ಲಿ ಬೆರಳ ಸಂದು ಒರೆಸಿ ಒಣಗಿಸಿ.

ನಡೆಯುವಾಗ ಎದೆ ಬಿಗಿದಂತಾಗಿ ನೋವು ಎಡಗೈಗೋ ದವಡೆಗೋ ಹರಡಿದರೆ, ಎಂದಿಲ್ಲದ ಉಸಿರುಗಟ್ಟುವಿಕೆ ಅಥವಾ ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ, ಅಲ್ಲಿಯೇ ಕುಳಿತು 108ಕ್ಕೆ ಫೋನ್ ಮಾಡಿಸಿ. ಈ ನಂಬರ್ ಘಟ್ಟದ ಎರಡೂ ಕಡೆ ನಡೆಯುತ್ತದೆ. ನಡಿಗೆ ಶುರು ಮಾಡಿದ ಮೇಲೆ ಬಿ.ಪಿ., ಶುಗರ್ ಸ್ವಲ್ಪ ಇಳಿದದ್ದನ್ನು ನೋಡಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ಬಹಳ. ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಬೇಕು. ಊರಿಗೆ ಹೋಗುವಾಗ ಅಷ್ಟೂ ದಿನದ ಮಾತ್ರೆ, ಹಿಂದಿನ ತಪಾಸಣೆಯ ಚೀಟಿ ಚೀಲದಲ್ಲಿರಲಿ.